ಅಕ್ಕಾ ಎಂದ ಇನ್ಸ್‌ಪೆಕ್ಟರು

ಜನವರಿ 9, ಗುರುವಾರ

ಎಡಗಾಲಿಗೆ ಮೊಣಕಾಲಿನವರೆಗೂ ಪ್ಲಾಸ್ಟರ್. ಹದಿನೆಂಟು ವರ್ಷ ಕಂಡಕ್ಟರ್ ಕೆಲಸ ಮಾಡಿದವಳು, ಹಬ್ಬದ ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲದಾಗಲೂ ಎಡವದವಳು, ಖಾಲಿ ಬಸ್ಸಿನಿಂದ ಇಳಿಯುವಾಗ ಬಿದ್ದೆ. ಅದೂ ನಂಗಲಿ ಸ್ಟಾಪಿನಲ್ಲಿ, ಟೀ ಅಂಗಡಿಯವರೆಲ್ಲ ನೋಡುತ್ತಿರುವಾಗ.

ಯುಗಾದಿವರೆಗೂ ಡ್ಯೂಟಿಯ ಮಾತೆತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅಮರನಾಥ್ ತಮ್ಮ ಫ್ಯಾಕ್ಟರಿಯಲ್ಲಿ ಕೊಟ್ಟ ಡೈರಿ ತಂದು ನನ್ನ ಮಡಿಲಿಗೆ ಹಾಕಿದರು. (ಗಂಡನ ಹೆಸರು ಹೇಳಬಾರದು ಎನ್ನುತ್ತಿದ್ದಳು ಅಮ್ಮ. ಬರೆದರೆ ಯಾರಿಗೆ ಕೇಳಿಸುತ್ತದೆ?) “ನಿನಗೆ ಮಾತಾಡೋಕೆ ದಿನಾ ಒಂದು ಬಸ್ ಜನ ಬೇಕು, ನಾನೊಬ್ಬ ಸಾಲಲ್ಲ. ಇದರ ಜೊತೆ ಮಾತಾಡ್ಕೋ” ಎಂದು ನರಸಾಪುರದ ಕಂಪನಿ ಬಸ್ಸು ಹಿಡಿಯಲು ಹೋದರು.

ಪಕ್ಕದ ಮನೆಯ ಚಿಕ್ಕಗಂಗಮ್ಮ ನೋಡಲು ಬಂದಿದ್ದಳು. ಅವಳ ತಮ್ಮನಿಗೆ ಯಾರೋ ಫೋನಿನಲ್ಲಿ ಮೋಸ ಮಾಡಿದರಂತೆ, ಅತ್ತಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಮೋಸ ಹೋಗುವವರಲ್ಲಿ ಅರ್ಧ ಜನ ಪೆದ್ದರು, ಇನ್ನರ್ಧ ಆಸೆಬುರುಕರು. ಮೋಸ ಮಾಡುವವರನ್ನಂತೂ ಕಂಬಕ್ಕೆ ಕಟ್ಟಬೇಕು ಎಂದು ಅವಳ ಮುಖಕ್ಕೇ ಹೇಳಿದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಇದ್ದದ್ದು ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಲು ಬಂದವರಿಗೆಲ್ಲ ಕಾಲು ತೋರಿಸಿ ಸಾಕಾಯಿತು. ಬರೆಯುವಂಥದ್ದು ಏನೂ ಇಲ್ಲ.

ಜನವರಿ 16, ಗುರುವಾರ

ಇಂದು ನಡೆದದ್ದನ್ನು ನಡೆದ ಹಾಗೇ ಬರೆಯಬೇಕು. ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಬಿಸಿಲು ಏರುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಗಡಸು ಗಂಟಲು, ಪುಸ್ತಕದ ಕನ್ನಡ. “ಶ್ರೀಮತಿ ಗಂಗಾಲಕ್ಷ್ಮಿಯವರೇ, ನಾನು ಕ್ರೈಂ ಬ್ರ್ಯಾಂಚ್ ಇನ್ಸ್‌ಪೆಕ್ಟರ್. ತಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಮಾದಕ ವಸ್ತು ಪತ್ತೆಯಾಗಿದೆ. ತಮ್ಮನ್ನು ಬಂಧಿಸಲಾಗುವುದು. ಫೋನ್ ಕಡಿತಗೊಳಿಸುವಂತಿಲ್ಲ.”

ಇಷ್ಟು ದಿನ ಬೈಯಲು ಯಾರೂ ಸಿಕ್ಕಿರಲಿಲ್ಲ. ಶುರು ಮಾಡಿದೆ. “ನನ್ ಹೆಸ್ರಿಗೆ ಪಾರ್ಸಲ್ ಕಳ್ಸೋರು ಈ ಭೂಮಿ ಮೇಲೆ ಯಾರೂ ಇಲ್ಲ ಕಣಪ್ಪಾ. ಬೆಳಗ್ಗೆ ಎದ್ದು ಮುಖ ತೊಳ್ಕೊಂಡು ಸುಳ್ಳು ಹೇಳೋಕೆ ಕೂತಿದ್ದೀಯಲ್ಲ, ಹೆತ್ತೋಳ್ಗೆ ಗೊತ್ತಾ ಇದು? ಏಯ್, ಮೆಟ್ಲು ಬಿಟ್ಟು ಒಳಕ್ ನಡಿಯಪ್ಪಾ, ಹಿಂದೆ ಜಾಗ ಐತೆ!”

ಕೊನೆಯದು ಅಭ್ಯಾಸಬಲದಿಂದ ಬಂದ ಮಾತು. ಬಸ್ಸಿನಲ್ಲಿ ಬೈದು ಬೈದು ಎಲ್ಲ ಬೈಗುಳಕ್ಕೂ ಅದೇ ಬಾಲ.

ಆ ಕಡೆ ಸದ್ದಿಲ್ಲ. ಅಂದರೆ ಅವನದು ಇಲ್ಲ. ಅವನ ಹಿಂದೆ ಸಂತೆಯಲ್ಲಿ ಕೇಳುವ ಹಾಗೆ ಎಷ್ಟೋ ಜನ ಒಟ್ಟಿಗೆ ಮಾತಾಡುವ ಗಜಿಬಿಜಿ ಇತ್ತು. ಆಮೇಲೆ ಅದೇ ಗಂಟಲು, ಆದರೆ ಬೇರೆಯೇ ಮನುಷ್ಯ:

“ಅಕ್ಕಾ... ಮುಳಬಾಗಿಲು ಬಸ್ಸಿನ ಕಂಡಕ್ಟ್ರಕ್ಕ ಅಲ್ವಾ ನೀನು? ದುಡ್ಡು ಹಾಕ್ಬ್ಯಾಡಕ್ಕಾ. ಯಾರ್ ಫೋನ್ ಮಾಡಿದ್ರೂ ಹಾಕ್ಬ್ಯಾಡ. ಇಟ್ಬಿಡು.”

ಮರುಗಳಿಗೆಯೇ ಗಡಸು ಗಂಟಲು ಮರಳಿತು. “ಸಹಕರಿಸದಿದ್ದರೆ ಕಠಿಣ ಕ್ರಮ ಜರುಗಿಸಲಾಗುವುದು!” ಫೋನು ಕಟ್ಟಾಯಿತು.

ನೀರು ಕುಡಿದೆ. ನನ್ನ ಹೆದರಿಸಲು ಕೂತವನೇ ನನ್ನ ಕಾಪಾಡಿದ. ಇಂಥದ್ದನ್ನು ಎಲ್ಲಾದರೂ ಕೇಳಿದ್ದುಂಟೆ?

ಜನವರಿ 17, ಶುಕ್ರವಾರ

ಅಮರನಾಥ್ ನಕ್ಕುಬಿಟ್ಟರು. “ಇದು ಹೊಸಾ ಆಟ ಕಣೇ. ಮೊದಲು ಅಕ್ಕಾ ಅಂತಾನೆ, ನಾಳೆ ಅಕ್ಕಂಗೆ ಟೋಪಿ ಹಾಕ್ತಾನೆ.” ಇರಬಹುದು.

ಆದರೂ ಆ ‘ಅಕ್ಕಾ’ ಎನ್ನುವಾಗಿನ ಎಳೆತ ನಮ್ಮ ಸೀಮೆಯದು. ಕನ್ನಡಕ್ಕೆ ತೆಲುಗಿನ ರಾಗ. ದಿನಕ್ಕೆ ಎಷ್ಟು ಜನ ನನ್ನ ಬಸ್ಸು ಹತ್ತಿ ಇಳಿಯುತ್ತಾರೋ, ಅವರಲ್ಲಿ ಒಬ್ಬನ ಮುಖವೂ ನನಗೆ ನೆನಪಿಲ್ಲ. ಅವರಲ್ಲೊಬ್ಬನಿಗೆ ನನ್ನ ಬೈಗುಳ ನೆನಪಿದೆ.

ಜನವರಿ 20, ಸೋಮವಾರ

ಮತ್ತೆ ಬಂತು, ಬೇರೆ ನಂಬರಿನಿಂದ. ಮೊದಲು ಜೋರಾಗಿ ಇನ್ಸ್‌ಪೆಕ್ಟರಿನ ಮಾತು. ಆಮೇಲೆ ಪಿಸುದನಿ: “ಅಕ್ಕಾ, ನೀನು ಹೆದರ್ಕೊಂಡಿದ್ದೀಯ, ಇನ್ನೊಂದ್ ದಪ ಮಾಡಿದ್ರೆ ಬಲೆಗ್ ಬೀಳ್ತೀಯ ಅಂತ ಹೇಳಿ ಲೈನ್ ತಗೊಂಡೆ. ಹೆದರ್ಕೊಂಡೋರ್ ಹಂಗೇ ಮಾತಾಡು. ಮೇಲ್ನವ್ನು ಓಡಾಡ್ತಾವ್ನೆ. ಅವನು ಹತ್ರ ಬಂದಾಗ ನಾನು ಕೂಗ್ತೀನಿ, ತಪ್ಪು ತಿಳ್ಕೋಬ್ಯಾಡ.”

ಹೀಗೆ ಮಾತಾಡಿದೆವು. ಕಾವಲಿನವನು ದೂರ ಹೋದಾಗ ಒಂದು ತುಂಡು ಮಾತು, ಹತ್ತಿರ ಬಂದಾಗ ಕೂಗಾಟ. ನಾನು “ಅಯ್ಯೋ ಸಾರ್, ನಾನೇನೂ ಮಾಡಿಲ್ಲ ಸಾರ್” ಎಂದು ಅತ್ತೆ. ಮೊದಮೊದಲು ನಟನೆ. ಕೊನೆಗೆ ಯಾವುದು ನಟನೆಯೋ ನನಗೇ ತಿಳಿಯಲಿಲ್ಲ.

ತುಂಡುಗಳನ್ನು ಜೋಡಿಸಿದರೆ ಇಷ್ಟು: ಹೆಸರು ಕದಿರೇಶ. ದೇವರಾಯಸಮುದ್ರದವನು. ತಾಯಿ ಅಕ್ಕಯಮ್ಮ ಒಬ್ಬಳೇ. ಕೋಲಾರದ ಕಾಲೇಜಿಗೆ ನನ್ನ ಬಸ್ಸಿನಲ್ಲೇ ಹೋಗುತ್ತಿದ್ದನಂತೆ. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಮೇಲಿದ್ದ, ಕಂಟ್ರಾಕ್ಟ್ ಮುಗಿಯಿತು. ಜೊತೆಯಲ್ಲಿ ಕೆಲಸ ಮಾಡಿದ್ದ ವೆಂಕಟ್ ಎಂಬವನು ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಕಳಿಸಿದ. ವಿಮಾನ ಇಳಿದ ಮೇಲೆ ದಿನವಿಡೀ ವ್ಯಾನಿನಲ್ಲಿ, ಆಮೇಲೆ ದೋಣಿಯಲ್ಲಿ ಒಂದು ನದಿ ದಾಟಿಸಿದರು. ಆ ದಡ ಬರ್ಮಾ ದೇಶ. ಪಾಸ್‌ಪೋರ್ಟ್ ಕಿತ್ತುಕೊಂಡರು. ಸುತ್ತ ಎತ್ತರದ ಗೋಡೆ, ಬಂದೂಕಿನ ಕಾವಲು. ಒಳಗೆ ಭಾಷೆಗೊಂದು ಮೇಜು: ತಮಿಳಿಗೆ ಒಂದು, ಹಿಂದಿಗೆ ಒಂದು, ಕನ್ನಡಕ್ಕೂ ಒಂದು. ಯಾರೂ ಬಲೆಗೆ ಬೀಳದ ದಿನ ಊಟವಿಲ್ಲ, ಬಿಸಿಲಲ್ಲಿ ನಿಲ್ಲಿಸುತ್ತಾರೆ, ಕರೆಂಟ್ ಕೋಲಿನಿಂದ ಮುಟ್ಟಿಸುತ್ತಾರೆ.

“ಓಡಿ ಬರೋಕಾಗಲ್ವೇನಪ್ಪಾ?” ಎಂದೆ.

“ಎಲ್ಲಿಗಕ್ಕಾ? ನದಿ ಐತೆ,” ಎಂದ. ಅಷ್ಟರಲ್ಲಿ ಕೂಗಾಟದ ಸರದಿ ಬಂತು. “ತಮ್ಮ ಖಾತೆ ಜಪ್ತಿಯಾಗಲಿದೆ!”

ನನ್ನ ಈ ಕೋಣೆಯೊಳಕ್ಕೆ, ಮಂಚದ ಮೇಲಿಟ್ಟ ಕಾಲಿನ ಪಕ್ಕಕ್ಕೆ, ಅಷ್ಟು ದೂರದ ನದಿಯಾಚೆಯಿಂದ ಒಬ್ಬ ಮನುಷ್ಯ ಬಂದು ಕೂತ ಹಾಗಾಯಿತು. ಇನ್ನೂ ಎದ್ದು ಹೋಗಿಲ್ಲ.

ಜನವರಿ 22, ಬುಧವಾರ

ಆಟೋ ಮಾಡಿಸಿಕೊಂಡು ದೇವರಾಯಸಮುದ್ರಕ್ಕೆ ಹೋದೆ. ಇವರು ಬೇಡವೆಂದರು. ನಿಜವಾಗಿಯೂ ಅಂಥ ತಾಯಿ ಇದ್ದಾಳೋ ಇಲ್ಲವೋ, ಅಷ್ಟಾದರೂ ನೋಡಬೇಕಿತ್ತು.

ಇದ್ದಾಳೆ. ಕೆರೆ ಏರಿಯ ಕೆಳಗೆ ಹೆಂಚಿನ ಮನೆ, ಒಂದು ಕೋಣೆ ತುಂಬ ರೇಷ್ಮೆ ಹುಳು. ಸೊಪ್ಪು ಹಾಕುತ್ತಿದ್ದವಳು ನನ್ನ ಊರುಗೋಲು ನೋಡಿ ಓಡಿಬಂದು ಹಿಡಿದುಕೊಂಡಳು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: “ನಾ ಕೊಡುಕು, ನನ್ ಮಗ, ಬದುಕಿದಾನಾ?”

“ಬದುಕಿದಾನೆ,” ಎಂದೆ. “ನಿಮಗೆ ಹೇಗೆ ಗೊತ್ತಾಯ್ತು ಅಕ್ಕಾ?”

ಅವಳು ಫೋನು ತೋರಿಸಿದಳು. ಈಜುಕೊಳದ ಮುಂದೆ ನಿಂತ ಹುಡುಗನ ಫೋಟೊ, ‘ಅಮ್ಮಾ ನಾನು ಆರಾಮಾಗಿದ್ದೇನೆ’ ಎಂಬ ಮೆಸೇಜು. “ಓದಿ ಹೇಳಿದೋರೆಲ್ಲ ಚೆನ್ನಾಗವ್ನೆ ಬಿಡಮ್ಮ ಅಂದ್ರು. ಅವನು ಯಾವತ್ತೂ ನನ್ನ ಅಮ್ಮಾ ಅಂದೋನೇ ಅಲ್ಲ. ಏಮೇ ಅಕ್ಕಯಮ್ಮಾ ಅಂತ ಹೆಸರಿಟ್ಟು ಕರೆಯೋನು, ಪೋಲಿ. ಇದು ನನ್ ಮಗ ಬರ್ದಿದ್ದಲ್ಲ, ಬೇರೆ ಯಾರೋ ಬರ್ದಿದ್ದು ಅಂದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.”

ಹೊಡೆತದ ಮಾತು ಬಿಟ್ಟು ಉಳಿದದ್ದನ್ನು ಹೇಳಿದೆ. ಅವಳು ಅಳಲಿಲ್ಲ. ಬಿಟ್ಟಿದ್ದನ್ನೂ ಅವಳೇ ಕೇಳಿದಳು: “ಹೊಡೀತಾರಾ?” ನಾನು ತಲೆ ತಗ್ಗಿಸಿದೆ. ಆಗ ಎದ್ದು ಹೋಗಿ ಹುಳುವಿಗೆ ಸೊಪ್ಪು ಹಾಕಿದಳು. ನಿಂತ ಕಾಲಲ್ಲೇ ಎಲ್ಲ ತಟ್ಟೆಗೂ ಹಾಕಿ, ಕೈ ಒರೆಸಿಕೊಂಡು ಬಂದು ಕೂತಳು. “ಈಗ ಹೇಳು. ಏನು ಮಾಡೋಣ?”

ಆ ಹೆಂಗಸಿನ ಬೆನ್ನುಮೂಳೆ ಯಾವುದರಿಂದ ಮಾಡಿದ್ದೋ.

ಹೊರಡುವಾಗ ಇನ್ನೊಂದು ವಿಷಯ ಹೇಳಿದಳು. ವೆಂಕಟ್ ಮತ್ತೆ ಊರಿಗೆ ಬಂದಿದ್ದಾನಂತೆ. ಅವಳ ಅಣ್ಣನ ಮಗ ಆಂಜಿಗೂ ಅದೇ ಕೆಲಸ ಕೊಡಿಸುತ್ತಾನಂತೆ. ಆಂಜಿಯ ಪಾಸ್‌ಪೋರ್ಟ್ ಬಂದಾಗಿದೆ.

ಜನವರಿ 24, ಶುಕ್ರವಾರ

ಅಕ್ಕಯಮ್ಮನನ್ನು ಕರೆದುಕೊಂಡು ಕೋಲಾರದ ಸೈಬರ್ ಠಾಣೆಗೆ. ಅಮರನಾಥ್ ಕೂಡ ರಜೆ ಹಾಕಿ ಬಂದರು. ಅಕ್ಕಯಮ್ಮನಿಗೆ ಕೂರಲು ಕುರ್ಚಿ ಎಳೆದುಕೊಟ್ಟದ್ದು ಅವರೇ.

ಅಲ್ಲಿನ ಎಸ್‌ಐ ಮೇಘನ ಎಂಬ ಹುಡುಗಿ. ನನ್ನ ತಂಗಿಯ ವಯಸ್ಸು. ಒಂದು ಮಾತೂ ಅಡ್ಡ ಹಾಕದೆ ಕೇಳಿದರು. ಕೊನೆಗೆ, “ಇದಕ್ಕೆ ಮಾನವ ಕಳ್ಳಸಾಗಣೆ ಅಂತಾರಮ್ಮ” ಎಂದರು.

ಕಳ್ಳಸಾಗಣೆ ಎಂದರೆ ಗಂಧದ ತುಂಡು, ಚಿನ್ನದ ಬಿಸ್ಕತ್ತು ಎಂದುಕೊಂಡಿದ್ದೆ. “ಅವನು ತಾನೇ ಟಿಕೆಟ್ ಹಿಡ್ಕೊಂಡು ಹೋದೋನಲ್ವಾ ಮೇಡಂ? ಯಾರೂ ಎಳ್ಕೊಂಡ್ ಹೋಗ್ಲಿಲ್ಲ.”

“ನಗ್ತಾ ನಗ್ತಾ ವಿಮಾನ ಹತ್ತಿದ್ರೂ ಅಷ್ಟೇ. ಸುಳ್ಳು ಹೇಳಿ ಒಪ್ಪಿಸಿದ್ದು ಒಪ್ಪಿಗೆ ಅಲ್ಲ. ಪಾಸ್‌ಪೋರ್ಟ್ ಅವನ ಕೈಲಿದೆಯಾ? ಬೇಡ ಅನ್ನಿಸಿದ್ರೆ ಎದ್ದು ಬರಬಹುದಾ? ಬರೋಕೆ ಆಗಲ್ಲ ಅಂದ್ರೆ ಅದು ಕೆಲಸ ಅಲ್ಲಮ್ಮ, ಜೀತ. ಕಂಪ್ಯೂಟರ್ ಹೊಸದು, ಜೀತ ಹಳೇದೇ.”

ಜೀತ ಎನ್ನುವ ಪದ ಕೇಳಿ ಅಕ್ಕಯಮ್ಮ ಮೊದಲ ಬಾರಿ ಕಣ್ಣೊರೆಸಿಕೊಂಡಳು. ಅವಳ ಅಜ್ಜ ಒಬ್ಬರ ಮನೆಯಲ್ಲಿ ಜೀತಕ್ಕಿದ್ದನಂತೆ. ಆ ಪದ ನಮ್ಮ ಮನೆ ಬಿಟ್ಟು ಹೋಯಿತೆಂದುಕೊಂಡಿದ್ದೆ ಎಂದಳು.

ಮೇಘನ ಇನ್ನೊಂದು ಮಾತು ಹೇಳಿದರು, ಅದು ನನಗೆ ಹಿಡಿಸಲಿಲ್ಲ, ಆದರೂ ಬರೆಯುತ್ತೇನೆ. “ಅವನ ಫೋನಿಂದ ಮೋಸ ಹೋದೋರು ಇದ್ದೇ ಇರ್ತಾರೆ. ಅವರ ಕಣ್ಣೀರೂ ನಿಜ. ಇವನ ಜೀತವೂ ನಿಜ. ಎರಡನ್ನೂ ಇಟ್ಕೊಂಡೇ ನಾವು ಕೆಲಸ ಮಾಡಬೇಕು.”

ಮುಂದಿನ ಕರೆ ಬಂದಾಗ ರೆಕಾರ್ಡು ಮಾಡುವುದು, ಜಾಗದ ಗುರುತು ಕೇಳುವುದು, ಅವನಿಗೆ ಅಪಾಯವಾಗುವಂಥದ್ದೇನೂ ಮಾಡದಿರುವುದು ಎಂದು ನಿಶ್ಚಯವಾಯಿತು. ರಾಯಭಾರ ಕಚೇರಿಗೆ ಅವರು ಬರೆಯುತ್ತಾರೆ, ವೆಂಕಟನನ್ನೂ ಹುಡುಕಿಸುತ್ತಾರೆ.

ಜನವರಿ 30, ಗುರುವಾರ

ಬಂತು.

ನಾನು ಗೋಳಾಡುವ ಹೆಂಗಸು, ಅವನು ಗದರುವ ಇನ್ಸ್‌ಪೆಕ್ಟರು. ನಡುನಡುವೆ ಗುರುತು ಹೇಳಿದ. ಕಟ್ಟಡದ ಬಣ್ಣ, ಹಿಂದೆ ಹರಿಯುವ ನದಿ, ಎದುರು ಗುಡ್ಡದ ಮೇಲೆ ಬಿಳಿ ಗೋಪುರ. “ನಿನ್ ಪಾಸ್‌ಪೋರ್ಟಲ್ಲಿ ಹೆಸ್ರು ಹೆಂಗೈತೆ, ಹುಟ್ಟಿದ್ ತಾರೀಕು ಹೇಳಪ್ಪಾ, ಬೇಗ,” ಎಂದೆ.

“ನಂದು ಅಮ್ಮನ ಹತ್ರ ಇರ್ತದೆ. ಮೊದ್ಲು ಇವ್ರದ್ದು ತಗೋ,” ಎಂದ. ಪಕ್ಕದ ಮೇಜಿನ ಹುಡುಗರ ಹೆಸರುಗಳು. ಒಬ್ಬ ವೆಲ್ಲೂರಿನವನು, ಒಬ್ಬ ಕರ್ನೂಲಿನವನು, ಒಬ್ಬಳು ಎಲ್ಲಿಯವಳೋ ಗೊತ್ತಿಲ್ಲ, ಮಾತೇ ನಿಲ್ಲಿಸಿದ್ದಾಳಂತೆ. ಅವಳ ಕೈಮೇಲಿನ ಹಚ್ಚೆಯಲ್ಲಿ ಏನು ಬರೆದಿದೆ ಎಂದು ಅಕ್ಷರ ಅಕ್ಷರವಾಗಿ ಹೇಳಿದ. ನಡುವೆ ಕಾವಲಿನವನು ಬಂದ. ಇವನು ಹೆದರಲಿಲ್ಲ. ಆ ಹೆಸರುಗಳನ್ನೇ ಅಪರಾಧಿಗಳ ಹೆಸರು ಎಂಬಂತೆ ನನ್ನ ಮೇಲೆ ಕೂಗಿದ! “ಇವರೆಲ್ಲ ತಮ್ಮ ಸಹಚರರು, ಒಪ್ಪಿಕೊಳ್ಳಿ!” ನಾನು “ಹೌದು ಸಾರ್, ಹೌದು ಸಾರ್” ಎನ್ನುತ್ತ ಅತ್ತೆ. ಬಂದೂಕಿನವನ ಎದುರಿಗೇ, ಅವನ ಕಿವಿಯ ಪಕ್ಕದಲ್ಲೇ, ಅಷ್ಟೂ ಹೆಸರುಗಳು ನದಿ ದಾಟಿ ಮುಳಬಾಗಿಲಿಗೆ ಬಂದವು.

ಆಂಜಿಯ ವಿಷಯ ಹೇಳಿದೆ. “ಆಂಜಿ ಬರ್ಬಾರ್ದು. ಅಕ್ಕಾ, ನಿನ್ ಕಾಲ್ಗ್ ಬೀಳ್ತೀನಿ. ಕಾಲ್ ಮುರ್ದು ಕೂಡ್ಸು ಅವನ್ನ. ಹಸ್ಕೊಂಡ್ ಸತ್ರೂ ಊರಲ್ಲೇ ಸಾಯಿ ಅನ್ನು.”

ಇದನ್ನು ಕೊಂಚ ಜೋರಾಗಿಯೇ ಹೇಳಿದ. ಏನೋ ಬಿದ್ದ ಸದ್ದಾಯಿತು. ಲೈನು ಹೋಯಿತು.

ಫೆಬ್ರವರಿ 4, ಮಂಗಳವಾರ

ಅಕ್ಕಯಮ್ಮ ಫೋನು ಮಾಡಿದಳು. ಅವಳು ಎಷ್ಟು ಬೇಡವೆಂದಿದ್ದರೂ ಆಂಜಿ ಯಾರಿಗೂ ಹೇಳದೆ ಬ್ಯಾಗು ತೆಗೆದುಕೊಂಡು ಹೊರಟಿದ್ದಾನೆ, ವೆಂಕಟನ ಜೊತೆ. ಮೇಘನ ಅವರಿಗೆ ತಿಳಿಸಿ ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಹೋದೆ. ಊರುಗೋಲಿನಲ್ಲಿ ಅಷ್ಟು ಬೇಗ ನಡೆಯಬಹುದೆಂದು ಗೊತ್ತಿರಲಿಲ್ಲ.

ಬೆಂಗಳೂರು ಬಸ್ಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕ ಆಂಜಿ, ಅಕ್ಕಯಮ್ಮ ಗುರುತು ಹೇಳಿದ್ದ ಹೊಸ ಶೂ. ಅವನ ಪಕ್ಕ ವೆಂಕಟ್. ರಾಕ್ಷಸನನ್ನು ನೋಡುತ್ತೇನೆಂದುಕೊಂಡಿದ್ದೆ, ಸಣ್ಣ ಮೀಸೆಯ, ಕಣ್ಣು ಗುಳಿಬಿದ್ದ ಹುಡುಗ, ಅಷ್ಟೇ. ಡ್ರೈವರು ನಮ್ಮ ಡಿಪೋದವನು. ನಾನು ಬಾಗಿಲಲ್ಲಿ ನಿಂತು, “ಐದು ನಿಮಿಷ ನಿಲ್ಸಣ್ಣಾ” ಎಂದೆ. ಏಕೆಂದು ಕೇಳದೆ ಇಂಜಿನ್ ಆಫ್ ಮಾಡಿದ.

“ಇಳಿಯೋ ಆಂಜಿ.”

“ನೀವ್ಯಾರ್ರೀ?” ಎಂದ. ಆಮೇಲೆ, “ಅತ್ತೆ ಕಳ್ಸಿದ್ದಾ? ಅಕ್ಕಾ, ಕದಿರೇಶ ಹೋದ, ಈಜುಕೊಳದ ಮುಂದೆ ನಿಂತ್ಕೊಂಡ. ನಾವು ಇಲ್ಲೇ ಗೊಬ್ಬರ ಹೊರ್ತಾ ಇರ್ಬೇಕಾ? ನಮಗೂ ಬದುಕ್ಬೇಕು ಅಂತ ಇರಲ್ವಾ?”

ಹಳೆಯ ಗಂಗಾಲಕ್ಷ್ಮಿಯಾದರೆ ಕಪಾಳಕ್ಕೆ ಬಿಡುತ್ತಿದ್ದಳೇನೋ. ನಾನು ಹತ್ತಿ ಹೋಗಿ, ಕೊನೆಯ ಕರೆಯ ರೆಕಾರ್ಡು ಹಾಕಿ ಫೋನು ಅವನ ಕಿವಿಗೆ ಹಿಡಿದೆ. ಮೊದಲು ಇನ್ಸ್‌ಪೆಕ್ಟರಿನ ಕೂಗಾಟ, ಆಂಜಿ ಮುಖ ಗಂಟಿಕ್ಕಿದ. ಆಮೇಲೆ ಕದಿರೇಶನ ಪಿಸುದನಿ. ‘ಆಂಜಿ ಬರ್ಬಾರ್ದು’ ಎನ್ನುವಲ್ಲಿಗೆ ಬಂದಾಗ ಎದ್ದ. ಬ್ಯಾಗು ತೆಗೆದುಕೊಳ್ಳುವುದನ್ನೂ ಮರೆತು ಇಳಿದು, ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ಬ್ಯಾಗನ್ನು ಡ್ರೈವರು ತಂದುಕೊಟ್ಟ.

ವೆಂಕಟ್ ಆ ಕಡೆ ಬಾಗಿಲಿನಿಂದ ಇಳಿದು ಹೋಗಿದ್ದ. ಸಂಜೆ ಮೇಘನ ಅವರ ಫೋನು: ಸಿಕ್ಕಿದ್ದಾನೆ. ಅವನೂ ಮೊದಲು ಆ ಗೋಡೆಯೊಳಗಿದ್ದವನೇ. ನಿನ್ನ ಬದಲು ಬೇರೆಯವರನ್ನು ಕಳಿಸಿದರೆ ಬಿಡುತ್ತೇವೆ ಎಂದರಂತೆ. ಕಳಿಸಿದ.

ಅದೇ ಗೋಡೆ, ಅದೇ ಕೋಲು. ಒಬ್ಬ ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸಿದ, ಇನ್ನೊಬ್ಬ ಬರಬೇಡ ಎಂದು ಕೂಗಿದ. ಇದನ್ನು ಎಷ್ಟು ಯೋಚಿಸಿದರೂ ತಳ ಸಿಗುತ್ತಿಲ್ಲ.

ಫೆಬ್ರವರಿ 10, ಸೋಮವಾರ

ಫೋನಿಲ್ಲ.

ಫೆಬ್ರವರಿ 15, ಶನಿವಾರ

ಇಲ್ಲ. ಕೊರಿಯರ್ ಎಂದು ಒಬ್ಬ ಫೋನು ಮಾಡಿದ, ಲಾಟರಿ ಎಂದು ಒಬ್ಬಳು. ಇಬ್ಬರಿಗೂ ಊಟ ಆಯಿತಾ ಎಂದು ಕೇಳಿದೆ. ಇಬ್ಬರೂ ಇಟ್ಟುಬಿಟ್ಟರು.

ಫೆಬ್ರವರಿ 20, ಗುರುವಾರ

ಪ್ಲಾಸ್ಟರ್ ತೆಗೆದರು. ಅಲ್ಲಿಂದಲೇ ದೇವರಾಯಸಮುದ್ರಕ್ಕೆ ಹೋದೆ. ಅಕ್ಕಯಮ್ಮನ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದೆ, ಸೊಪ್ಪು ಎಷ್ಟು ಹಾಕಿದರೂ ಸಾಲದು. ನಾನೂ ಹಾಕಿದೆ. ಅವಳು ಮಗನ ವಿಷಯ ಎತ್ತಲಿಲ್ಲ. ಹೊರಡುವಾಗ ಮಾತ್ರ, “ಅವನ್ಗೆ ನೀನು ಬೈದಿದ್ದು ಒಳ್ಳೇದಾಯ್ತು ಕಣಮ್ಮಾ” ಎಂದಳು.

ಸಂಜೆ ಚಿಕ್ಕಗಂಗಮ್ಮನ ಮನೆಗೆ ಹೋಗಿ ಅವಳ ತಮ್ಮನ ಕಷ್ಟ ವಿಚಾರಿಸಿದೆ. ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದ್ದೀರಾ ಎಂದು ಕೇಳಿದೆ; ಕೊಟ್ಟಿರಲಿಲ್ಲ, ಕೂತು ಮಾಡಿಸಿದೆ. ಕಾಫಿ ಕೊಟ್ಟಳು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಏನನ್ನೂ ಬೇಡಿಕೊಳ್ಳಲು ಧೈರ್ಯ ಬರಲಿಲ್ಲ. ಸುಮ್ಮನೆ ಕೈ ಮುಗಿದು ನಿಂತಿದ್ದೆ.

ಮಾರ್ಚ್ 7, ಶುಕ್ರವಾರ

ಮೇಘನ ಅವರು ಫೋನು ಮಾಡಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಗಂಟಲು ಕೇಳಿದ ಕೂಡಲೇ ಸುದ್ದಿ ಬಂದಿದೆಯೆಂದು ಗೊತ್ತಾಯಿತು.

ಆ ಗೋಡೆ ತೆರೆದಿದ್ದಾರೆ. ಅಲ್ಲಿನ ಸೈನ್ಯವೋ, ಯಾರ ದಂಡೋ, ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಎಷ್ಟೋ ದೇಶದ ಎಷ್ಟೋ ಮಕ್ಕಳು ಸಾಲಾಗಿ ನದಿ ದಾಟಿ ಬಂದಿದ್ದಾರೆ. ನಮ್ಮವರು ಒಂದು ಶಿಬಿರದಲ್ಲಿದ್ದಾರೆ. ರಾಯಭಾರ ಕಚೇರಿಯವರು ಕೈಯಲ್ಲಿದ್ದ ಹೆಸರುಗಳನ್ನು ಕೂಗಿದಾಗ ವೆಲ್ಲೂರಿನವನು ಓ ಎಂದನಂತೆ. ಕರ್ನೂಲಿನವನು ಓ ಎಂದನಂತೆ. ಹಚ್ಚೆಯ ಹುಡುಗಿ ಕೈ ಎತ್ತಿದಳಂತೆ. ಕದಿರೇಶನ ಹೆಸರಿಗೆ ಯಾರೂ ಓ ಎನ್ನಲಿಲ್ಲ. ಅವನು ಶಿಬಿರದ ಆಸ್ಪತ್ರೆಯಲ್ಲಿ ಮಲಗಿದ್ದ. ಬದುಕಿದ್ದಾನೆ.

ಅಕ್ಕಿಯೆಲ್ಲ ಚೆಲ್ಲಿತ್ತು. ಅಮರನಾಥ್ ಕೂತು ಬಾಚಿದರು.

ಮಾರ್ಚ್ 13, ಗುರುವಾರ

ಬಂದ.

ಪೊಲೀಸ್ ಜೀಪು ಕೆರೆ ಏರಿ ಇಳಿದು ಬಂದಾಗ ಊರೆಲ್ಲ ನಿಂತಿತ್ತು. ಇಳಿದವನನ್ನು ನೋಡಿದೆ. ಆ ಮುಖವನ್ನು ಬಸ್ಸಿನಲ್ಲಿ ಎಂದಾದರೂ ನೋಡಿದ್ದೇನೋ ಎಂದು ಹುಡುಕಿದೆ, ಸಿಗಲಿಲ್ಲ. ತೆಳ್ಳಗೆ, ಕೂದಲು ಬೋಳಿಸಿದ್ದಾರೆ, ಒಂದು ಕಿವಿಯ ಹಿಂದೆ ಸುಟ್ಟ ಗಾಯ. ಅಕ್ಕಯಮ್ಮ ಬಾಗಿಲಲ್ಲೇ ನಿಂತಿದ್ದಳು, ಓಡಿ ಬರಲಿಲ್ಲ.

ಅವನೇ ಹತ್ತಿರ ಹೋಗಿ, “ಏಮೇ ಅಕ್ಕಯಮ್ಮಾ” ಎಂದ.

ಆಗ ಅವಳು ಕೂಗಿದ ಕೂಗು ಬರೆಯಲು ನನಗೆ ಬಾರದು.

ಆಮೇಲೆ ನನ್ನ ಕಡೆ ತಿರುಗಿದ. ಫೋನಿನಲ್ಲಿ ಅಷ್ಟು ಕೂಗಾಡಿದವರು ನಾವು. ನಾನು ಅವನ ತಲೆ ಸವರಿದೆ. ಬಿಸಿಲಿಗೆ ಕಾದ ಕಲ್ಲಿನ ಹಾಗಿತ್ತು.

ಮಾರ್ಚ್ 25, ಮಂಗಳವಾರ

ಕದಿರೇಶ ಸಾಕ್ಷಿ ಹೇಳುತ್ತಿದ್ದಾನೆ, ದಿನಾ ಕೋಲಾರಕ್ಕೆ. ವೆಂಕಟನ ವಿರುದ್ಧ, ವೆಂಕಟನ ಮೇಲಿನವರ ವಿರುದ್ಧ. ವೆಂಕಟ್ ಅಲ್ಲಿ ಪಟ್ಟಿದ್ದನ್ನೂ ಸೇರಿಸಿಯೇ ಹೇಳುತ್ತಾನಂತೆ. ಮನೆಯಲ್ಲಿ ಮಾತಿಲ್ಲ. ಫೋನು ಮುಟ್ಟುವುದಿಲ್ಲ. ರಿಂಗಾದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ ಎಂದು ಅಕ್ಕಯಮ್ಮ ಹೇಳಿದಳು.

ಹೋದ ವಾರ ನನ್ನ ಹತ್ತಿರ ಬಂದು ಕೂತ. “ಅಕ್ಕಾ, ಮಾಲೂರಲ್ಲಿ ಒಬ್ರಿದ್ದಾರೆ. ನಾನು ಫೋನ್ ಮಾಡಿದ್ದೆ. ಅವರು ದುಡ್ಡು ಹಾಕಿದ್ರು. ದಿನವಿಡೀ ಲೈನಲ್ಲೇ ಕೂಡ್ಸಿದ್ದೆ, ನೀರು ಕುಡಿಯೋಕೂ ಏಳೋಕೆ ಬಿಡ್ಲಿಲ್ಲ. ಕೊನೇಲಿ ಅವರು ನಂಗೇ ಥ್ಯಾಂಕ್ಸ್ ಹೇಳಿದ್ರು, ಕೇಸಿಂದ ಬಿಡ್ಸಿದ್ದಕ್ಕೆ. ಅವರನ್ನ ನೋಡ್ಬೇಕು. ಒಬ್ನೇ ಹೋಗೋಕಾಗಲ್ಲ.”

“ಹೋಗಿ ಏನಪ್ಪಾ ಹೇಳ್ತೀಯ?”

“ಗೊತ್ತಿಲ್ಲ.”

ಮೇಘನ ಅವರು ಆ ಯಜಮಾನರನ್ನೇ ಕೇಳಿ ನೋಡಿದರು. ಎರಡು ದಿನ ಉತ್ತರವಿಲ್ಲ. ಆಮೇಲೆ, ಬರಲಿ ಎಂದರಂತೆ.

ಏಪ್ರಿಲ್ 3, ಗುರುವಾರ

ಮಾಲೂರಿಗೆ ಹೋಗಿಬಂದೆವು. ನಾಳೆಯಿಂದ ನನಗೆ ಡ್ಯೂಟಿ. ಇದೊಂದನ್ನು ಬರೆದು ಮಲಗುತ್ತೇನೆ.

ಚನ್ನರಾಯಪ್ಪನವರು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಜಗುಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದರು, ಬಿಳಿ ಪಂಚೆ, ಶು‍ಭ್ರ. ಬನ್ನಿ ಎನ್ನಲಿಲ್ಲ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತರು. ಕಣ್ಣಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ.

ಕದಿರೇಶ ಕೈ ಮುಗಿದು, “ನಾನೇ ಸಾರ್ ಅವತ್ತು...” ಎಂದ. ಅಷ್ಟೇ ಎಂದದ್ದು. ಕುರ್ಚಿಯ ಕೈಮೇಲಿದ್ದ ಚನ್ನರಾಯಪ್ಪನವರ ಬಲಗೈ ನಡುಗಲು ಶುರುವಾಯಿತು. ಅವರು ಅದನ್ನು ಎಡಗೈಯಿಂದ ಹಿಡಿದುಕೊಂಡರು. ಎರಡೂ ಸೇರಿ ನಡುಗಿದವು.

“ನೋಡಪ್ಪಾ, ಇದೇ,” ಎಂದರು. “ನಿನ್ನ ಕತೆ ಆ ಮೇಡಮ್ಮು ಹೇಳಿದ್ರು. ಬುದ್ಧಿಗೆ ಅರ್ಥ ಆಗ್ತದೆ. ಕೈಗೆ ಅರ್ಥ ಆಗಲ್ಲ. ಬೀದೀಲಿ ಯಾರಾದ್ರೂ ಸಾರ್ ಅಂತ ಕೂಗಿದ್ರೂ ನಿನ್ ಧ್ವನಿ ಕೇಳಿಸ್ತದೆ. ಊಟ ಮಾಡ್ತಾ ಕೇಳಿಸ್ತದೆ. ದೇವ್ರ ಮುಂದೆ ಕೂತ್ರೂ ಕೇಳಿಸ್ತದೆ.”

ಕದಿರೇಶ ನೆಲ ನೋಡುತ್ತ ನಿಂತಿದ್ದ. ಅವನ ಪರವಾಗಿ ಏನಾದರೂ ಹೇಳೋಣವೆಂದು ನನ್ನ ನಾಲಿಗೆ ತುದಿಗೆ ಬಂತು. ಸುಮ್ಮನಾದೆ.

“ನಾನು ಹೋಗ್ತೀನಿ ಸಾರ್,” ಎಂದ.

“ಹೋಗ್ಬೇಡ. ಕೂತ್ಕೋ.” ಮೆಟ್ಟಿಲು ತೋರಿಸಿದರು. ಅವನು ಕೂತ. “ಮಾತಾಡು.”

“ಏನ್ ಮಾತಾಡ್ಲಿ ಸಾರ್?”

“ಏನಾದ್ರೂ. ನಿಮ್ಮೂರಿನ ವಿಷಯ, ನಿಮ್ಮಮ್ಮನ ವಿಷಯ. ಆ ಧ್ವನಿ ಬೇರೆ ಏನಾದ್ರೂ ಹೇಳೋದನ್ನ ನಾನು ಕೇಳ್ಬೇಕು. ಇಲ್ದಿದ್ರೆ ಸಾಯೋವರ್ಗೂ ಅದೊಂದೇ ಉಳ್ಕೊಂಬಿಡ್ತದೆ.”

ಹೀಗೊಂದು ಮಾತನ್ನು ಒಬ್ಬ ಮನುಷ್ಯ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಕದಿರೇಶ ಶುರು ಮಾಡಿದ. ಅಮ್ಮನ ರೇಷ್ಮೆ ಹುಳು ನಿನ್ನೆ ಹಣ್ಣಾಯಿತು, ಮೈಯೆಲ್ಲ ಬೆಳಕು ಹಾಯುವ ಹಾಗಾಗುತ್ತದೆ ಸಾರ್, ಆರಿಸಿ ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಟ್ಟೆವು, ರಾತ್ರಿಯೆಲ್ಲ ನೂಲು ಸುತ್ತಿಕೊಳ್ಳುತ್ತವೆ, ಕೈ ತಾಗಿದರೆ ತಣ್ಣಗಿರುತ್ತವೆ. ಮಾತು ತಡವರಿಸುತ್ತಿತ್ತು, ನಡುವೆ ತೆಲುಗು ಬೆರೆಯುತ್ತಿತ್ತು. ನಿಂತಲ್ಲಿ ನಿಂತು, ಮತ್ತೆ ಹಿಡಿದುಕೊಳ್ಳುತ್ತಿದ್ದ. ಚನ್ನರಾಯಪ್ಪನವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಮ್ಮೆ ಮಾತ್ರ, “ಚಂದ್ರಿಕೆ ಬಿದಿರಿಂದೋ, ಪ್ಲಾಸ್ಟಿಕ್ಕೋ?” ಎಂದು ಕೇಳಿದರು.

“ಬಿದಿರಿಂದು ಸಾರ್. ತಾತ ಹೆಣೆದಿದ್ದು.”

“ಹೂಂ. ಹೇಳು.”

ಹುಳುವಿನ ಮಾತು ಮುಗಿದು ಹಿಪ್ಪುನೇರಳೆ ತೋಟದ ಮಾತು ಬಂತು. ಬಾಗಿಲ ಮರೆಯಲ್ಲಿದ್ದ ಹೆಂಡತಿ ಯಾವಾಗಲೋ ಹೊಸ್ತಿಲ ಮೇಲೆ ಕೂತಿದ್ದರು. ಚನ್ನರಾಯಪ್ಪನವರ ಕೈ ಇನ್ನೂ ನಡುಗುತ್ತಿತ್ತು, ಆದರೆ ಎಡಗೈಯಿಂದ ಅದನ್ನು ಹಿಡಿದುಕೊಳ್ಳುವುದನ್ನು ಅವರು ಬಿಟ್ಟಿದ್ದರು.

ಕೋಲಾರದ ಬಸ್ಸು ಬೀದಿಯ ತುದಿಯಲ್ಲಿ ಬಂದು ನಿಂತು ಹಾರನ್ ಹೊಡೆಯಿತು. ಅದು ಹೋದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕೆಂದು ನನಗೆ ಗೊತ್ತಿತ್ತು. ನಾನು ಏಳಲಿಲ್ಲ. ಬಸ್ಸು ಇನ್ನೊಮ್ಮೆ ಹಾರನ್ ಹೊಡೆದು ಹೋಯಿತು. ಕದಿರೇಶ ಮಾತಾಡುತ್ತಲೇ ಇದ್ದ.